ಎಡಗಡೆಯ ಬಟನ್

ಬೆಳಿಗ್ಗೆ ಒಂಬತ್ತೂವರೆಗೆ ಕರೆಂಟು ಹೋಯಿತು. ಸಂಜೆ ಆರರವರೆಗೆ ಬರುವುದಿಲ್ಲವೆಂದು ಹತ್ತು ಗಂಟೆಗೆ ಗೊತ್ತಾಯಿತು. ಹತ್ತೂಕಾಲಿಗೆ ಮ್ಯಾನೇಜರು ಹೊರಗೆ ಬಂದು, ಎಲ್ಲರೂ ಮನೆಗೆ ಹೋಗಿ, ಇದರ ಬದಲು ಭಾನುವಾರ ಬನ್ನಿ ಎಂದರು. ಅಷ್ಟರಲ್ಲಿ ವಿಶ್ವನಾಥನ ತಲೆ ಕೆಟ್ಟುಹೋಗಿತ್ತು. ತಗಡು ಒತ್ತುವ ಹನ್ನೊಂದು ಪ್ರೆಸ್ಸುಗಳು ಒಟ್ಟಿಗೆ ಬಾಯಿ ಮುಚ್ಚಿದಾಗ ಶೆಡ್ಡಿನೊಳಗೆ ತುಂಬಿಕೊಳ್ಳುವ ಮೌನ ಅವನಿಗೆ ಆಗಿಬರುವುದಿಲ್ಲ. ಸದ್ದಿದ್ದರೆ ಒಳ್ಳೆಯದು, ಸದ್ದಿನಲ್ಲಿ ಮನುಷ್ಯ ಎಣಿಸುತ್ತಾನೆ, ಬಯ್ಯುತ್ತಾನೆ, ಯೋಚಿಸುವುದಿಲ್ಲ. ಮೂರು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಮೊದಲು ಏಳನೇ ನಂಬರಿನ ಪ್ರೆಸ್ಸು ನಿಂತಿತು, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಅಷ್ಟೂ ಮೆಷಿನುಗಳು ನಿಂತ ಮೇಲೂ ಏಳನೇ ಪ್ರೆಸ್ಸು ನಡೆಸುತ್ತಿದ್ದ ಲೋಕೇಶನ ಕೂಗು ಕೇಳಿಸಲಿಲ್ಲ. ಅವನು ಕೂಗಲೇ ಇಲ್ಲ. ತನ್ನ ಎಡಗೈಯನ್ನು ಯಾರದೋ ಕೈ ನೋಡುವ ಹಾಗೆ ನೋಡುತ್ತ ಸ್ಟೂಲಿನ ಮೇಲೆ ಕೂತಿದ್ದ.

ಈಗ ಅದೇ ಲೋಕೇಶ ಗೇಟಿನ ಹತ್ತಿರ ಸೆಕ್ಯೂರಿಟಿ ಅಂಗಿ ಹಾಕಿಕೊಂಡು ನಗುತ್ತ ನಿಂತಿದ್ದ. ಬೆರಳು ಹೋದ ಮೇಲೆ ಕಂಪನಿಯವರು ಅವನನ್ನು ಗೇಟಿಗೆ ಹಾಕಿದ್ದರು. ಅದನ್ನು ಎಲ್ಲರೂ ದೊಡ್ಡ ಮನಸ್ಸು ಎಂದಿದ್ದರು, ವಿಶ್ವನಾಥನೂ ಎಂದಿದ್ದ. ದಿನಾ ಬೆಳಿಗ್ಗೆ ವಿಶ್ವನಾಥನ ಬೈಕು ಬಂದರೆ ಲೋಕೇಶ ಎದ್ದು ಗೇಟು ತಳ್ಳುತ್ತಾನೆ, ಬಲಗೈ ಎತ್ತಿ ಸಲಾಮು ಹೊಡೆಯುತ್ತಾನೆ. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಡಿಪ್ಲೊಮಾ ಇದ್ದದ್ದಕ್ಕೆ ವಿಶ್ವನಾಥ ಸೂಪರ್‌ವೈಸರ್ ಆಗಿದ್ದ. ಸಲಾಮು ಹೊಡೆಯಬೇಡವೋ ಎಂದು ಒಂದು ದಿನ ಹೇಳಿ ನೋಡಿದ್ದ. "ರೂಲ್ಸು ಸಾರ್, ಮ್ಯಾನೇಜರ್ ನೋಡ್ತಿರ್ತಾರೆ" ಎಂದು ಕಣ್ಣು ಮಿಟುಕಿಸಿದ್ದ. ಗೇಟಿನಲ್ಲಿ ಸಾರ್, ಆಚೆ ಬಂದರೆ ವಿಶ್ವಣ್ಣ. ಆ ಸಲಾಮಿನಲ್ಲಿ ಒಂದಿಷ್ಟು ಕುಹಕವಿದ್ದಿದ್ದರೆ ವಿಶ್ವನಾಥ ಬದುಕಿಕೊಳ್ಳುತ್ತಿದ್ದ. ಅದರಲ್ಲಿ ಕುಹಕ ಇರಲಿಲ್ಲ.

"ಬನ್ನಿ ವಿಶ್ವಣ್ಣ, ನಮ್ ಚಿಕ್ಕಮ್ಮನ ತೋಪಿಗೆ ಹೋಗ್ಬಿಟ್ ಬರೋಣ. ಸೋಲೂರಿನ ಹತ್ರ, ಒಂದ್ ಗಂಟೆ ದಾರಿ" ಎಂದ ಲೋಕೇಶ. "ನಂಗೂ ರಜ ಕೊಟ್ಟವ್ರೆ. ಮಕ್ಳಿಗೂ ಸ್ಕೂಲಿಲ್ಲ. ಅಂಬರೀಶ ಆಮ್ನಿ ವ್ಯಾನ್ ತರ್ತಾನಂತೆ." ಸ್ಟೋರಿನ ಅಂಬರೀಶ ಆಗಲೇ ಕೀ ತಿರುಗಿಸುತ್ತ ನಿಂತಿದ್ದ. ಬೇಡವೆನ್ನಲು ವಿಶ್ವನಾಥನ ಹತ್ತಿರ ಕಾರಣವಿತ್ತು: ಹೆಂಡತಿ ಹೇಮಲತಾ ಟೀಚರು, ಹತ್ತನೇ ಕ್ಲಾಸಿನ ಪೇಪರು ತಿದ್ದಲು ಹೋಗಿದ್ದಳು, ಮಗ ಶರಣು ಪಕ್ಕದ ಮನೆಯಲ್ಲಿದ್ದ. ಆದರೆ ಆ ಕಾರಣವೇ ಬಾಯಿಂದ ಉಲ್ಟಾ ಬಂತು. "ಶರಣೂನ ಕರ್ಕೊಂಡು ಬರ್ತೀನಿ, ಪಾಪ ಪಕ್ಕದ್ಮನೇಲಿ ಒಬ್ನೇ ಇದಾನೆ" ಎಂದುಬಿಟ್ಟ. ಬೈಕು ಹತ್ತಿದ ಮೇಲೆ ಗೊತ್ತಾಯಿತು, ತಾನು ಒಪ್ಪಿಕೊಂಡದ್ದು ಮಾವಿನ ತೋಪಿನ ಆಸೆಗಲ್ಲ. ಇವತ್ತು ಹೇಳಿಬಿಡಬೇಕು. ಫ್ಯಾಕ್ಟರಿಯಲ್ಲಿ ಹೇಳಲಾಗದ್ದನ್ನು, ರಾಜಗೋಪಾಲನಗರದ ಗಲ್ಲಿಯಲ್ಲಿ, ಲೋಕೇಶನ ಮನೆಯ ಕುರ್ಚಿಯ ಮೇಲೆ ಅವನ ಹೆಂಡತಿ ರಾಣಿ ಕೊಟ್ಟ ಕಾಫಿ ಕುಡಿಯುತ್ತ ಮೂರು ವರ್ಷ ಹೇಳಲಾಗದ್ದನ್ನು, ಬಯಲಿನಲ್ಲಿ ಒಂದು ಮರದ ಕೆಳಗೆ ಹೇಳಬಹುದು. ಏಳನೇ ಪ್ರೆಸ್ಸಿನ ಎಡಗಡೆಯ ಬಟನ್ನಿಗೆ ರಟ್ಟು ಸಿಗಿಸಿದವನು ನಾನು ಕಣೋ. ಎಷ್ಟು ಸಣ್ಣ ವಾಕ್ಯ. ಹೇಳಲು ಅರ್ಧ ನಿಮಿಷ ಬೇಡ.

ಆಮ್ನಿ ಹೊರಟಾಗ ಹನ್ನೊಂದೂವರೆ. ಮುಂದೆ ಅಂಬರೀಶ, ಅವನ ಪಕ್ಕ ವಿಶ್ವನಾಥ. ಹಿಂದೆ ಲೋಕೇಶ, ರಾಣಿ, ಅವರ ಒಂಬತ್ತು ವರ್ಷದ ಮಗಳು ವೇಣಿ, ಕಿಟಕಿಗೆ ಅಂಟಿಕೊಂಡ ಶರಣು. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳಿಗೆ ಗುಂಡಿ ತೋಡಿ ದಾರಿಯೆಲ್ಲ ಅರ್ಧಕ್ಕರ್ಧ ಮುಚ್ಚಿದ್ದರು. ನಾಗಸಂದ್ರ ದಾಟುವಷ್ಟರಲ್ಲಿ ಎಲ್ಲರ ಮುಖದ ಮೇಲೂ ಧೂಳು. "ಇಲ್ಲೇ ನಮ್ ತಾತ ನಲ್ಲಪ್ಪ ರಾಗಿ ಹಾಕ್ತಿದ್ದಿದ್ದು" ಎಂದು ಲೋಕೇಶ ಒಂದು ಗೋಡೌನನ್ನು ತೋರಿಸಿದ. ಶರಣು ಗೋಡೌನು ನೋಡಲಿಲ್ಲ, ತೋರಿಸಿದ ಕೈಯನ್ನು ನೋಡಿದ. ಏಳು ವರ್ಷದ ಹುಡುಗ, ಕೇಳಿಯೇ ಬಿಟ್ಟ: "ಅಂಕಲ್, ನಿಮ್ ಬೆರಳೆಲ್ಲಿ ಹೋಯ್ತು?" ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಎಡಗೈಯಲ್ಲಿ ಏನೂ ಇರಲಿಲ್ಲ. "ಇಲಿ ತಿಂದ್ಬಿಡ್ತು ಕಣೋ ಮರಿ, ಊಟ ಮಾಡಿ ಕೈ ತೊಳ್ದಿರ್ಲಿಲ್ಲ" ಎಂದ ಲೋಕೇಶ. ಅಂಬರೀಶ ಜೋರಾಗಿ ನಕ್ಕ. ರಾಣಿಯೂ ನಕ್ಕಳು. ವೇಣಿ ನಗದೆ ಅಪ್ಪನ ಕಡೆಯಿಂದ ಸರಿದು ಕೂತದ್ದು ಮುಂದಿನ ಕನ್ನಡಿಯಲ್ಲಿ ವಿಶ್ವನಾಥನಿಗೆ ಕಾಣಿಸಿತು. ಮಗನನ್ನು ಗದರಬೇಕೆಂದುಕೊಂಡ. ಗದರಿದರೆ ಮಾತು ಬೆಳೆಯುತ್ತದೆಂದು ಹೆದರಿ ರಸ್ತೆ ನೋಡುತ್ತ ಕೂತ.

ಆ ಪ್ರೆಸ್ಸಿಗೆ ಎರಡು ಬಟನ್. ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳಬೇಕು. ಎರಡು ಕೈಯೂ ಬಟನ್ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರಲಾರದಲ್ಲ, ಅದಕ್ಕೆ. ಮಾಡಿದವನು ಬುದ್ಧಿವಂತ. ಅವನಿಗಿಂತ ಬುದ್ಧಿವಂತರು ಪೀಣ್ಯದ ಫ್ಯಾಕ್ಟರಿಗಳಲ್ಲಿದ್ದರು. ಎಡಗಡೆಯ ಬಟನ್ನಿಗೆ ಒಂದು ರಟ್ಟಿನ ಚೂರು ಮಡಿಸಿ ಸಿಗಿಸಿ, ಮೇಲೆ ಕಪ್ಪು ಟೇಪು ಸುತ್ತಿದರೆ ಅದು ಒತ್ತಿಕೊಂಡೇ ಇರುತ್ತದೆ. ಆಮೇಲೆ ಬಲಗೈಯಲ್ಲಿ ಹೊಡೆಯುತ್ತ, ಎಡಗೈಯಲ್ಲಿ ತಗಡು ಇಡುತ್ತ ಹೋಗಬಹುದು. ಶಿಫ್ಟು ಮುಗಿಯುವಷ್ಟರಲ್ಲಿ ನೂರಾರು ಪೀಸು ಜಾಸ್ತಿ. ತಪ್ಪೆಂದು ಎಲ್ಲರಿಗೂ ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದರು, ಲೋಕೇಶನೂ ಎಷ್ಟೋ ದಿನ ಮಾಡಿದ್ದ. ಅವತ್ತು ಮಾಡಿರಲಿಲ್ಲ. ಅವತ್ತು ಎಲ್ಲರ ಜೊತೆ ಅವನೂ ಟೀ ಕುಡಿಯಲು ಹೋಗಿದ್ದ, ಶೆಡ್ಡು ಖಾಲಿಯಿತ್ತು. ಲಾರಿ ಹೊರಗೆ ಕಾಯುತ್ತಿತ್ತು, ಐವತ್ತು ಪೀಸು ಕಡಿಮೆಯಿತ್ತು. ಲೋಕೇಶನ ಸ್ಟೂಲಿನ ಮೇಲೆ ವಿಶ್ವನಾಥನೇ ಕೂತು, ರಟ್ಟು ಸಿಗಿಸಿ, ಹತ್ತು ನಿಮಿಷದಲ್ಲಿ ಐವತ್ತೂ ಹೊಡೆದು ಲಾರಿಗೆ ಕಳಿಸಿದ. ಚಲನ್ ಬರೆಯಲು ಓಡಿದ. ರಟ್ಟು ತೆಗೆಯುವುದು ಮರೆತ. ಲೋಕೇಶ ಯಾರ ಜೊತೆಗೋ ತಮಾಷೆ ಮಾಡುತ್ತ ಬಂದು ಕೂತ. ನೋಡಿದ್ದರೆ ಕಾಣಿಸುತ್ತಿತ್ತು, ಆದರೆ ತಾನೇ ಬಿಟ್ಟು ಹೋದ ಮೆಷಿನನ್ನು ಯಾರು ಬಗ್ಗಿ ನೋಡುತ್ತಾರೆ? ಎಡಗೈಯಲ್ಲಿ ತಗಡು ಇಡುವಾಗ ಬಲಗೈ ಅಭ್ಯಾಸಬಲದಿಂದ ಬಟನ್ ಮೇಲೆ ಕೂತಿತು.

ತೋಪಿಗೆ ಬಂದು ಇಳಿದಾಗ ಬಿಸಿಲು ನೆತ್ತಿಗೇರಿತ್ತು. ಇಪ್ಪತ್ತು ಮಾವಿನ ಮರ, ಒಂದು ಹೆಂಚಿನ ಮನೆ, ಮನೆಯ ಹಿಂದೆ ಬೋರ್‌ವೆಲ್, ಅದರ ಮುಂದೆ ಸಿಮೆಂಟಿನ ದೊಡ್ಡ ತೊಟ್ಟಿ. ಲೋಕೇಶನ ಚಿಕ್ಕಮ್ಮ ಚಿಕ್ಕಮುನಿಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಶರಣುವಿನ ಗಲ್ಲ ಹಿಡಿದಳು. "ಎಷ್ಟ್ ಸಣ್ಣಕಾಗವ್ನೆ ನೋಡು, ಇಂಗಾದ್ರೆ ಎಂಗೆ? ಬಾ ಮಗಾ, ಮಜ್ಜಿಗೆ ಕುಡಿವಂತೆ." ಮಕ್ಕಳಿಗೆ ತೊಟ್ಟಿಯಲ್ಲಿ ಆಡುವ ಆಸೆ, ಆದರೆ ತೊಟ್ಟಿಯ ತಳದಲ್ಲಿ ಗೇಣುದ್ದ ಪಾಚಿ ನೀರು. ಮೋಟರಿಗೆ ಬೇಕಾದ ತ್ರೀ ಫೇಸು ಮೂರು ಗಂಟೆಗೆ ಬರುತ್ತದಂತೆ. "ಬಂದ್ರೂ ಬತ್ತದೆ, ಇಲ್ದಿದ್ರೆ ಇಲ್ಲ. ಕಾಯಿರಿ" ಎಂದಳು ಚಿಕ್ಕಮುನಿಯಮ್ಮ. ಎಲ್ಲರೂ ಮರದ ಕೆಳಗೆ ಚಾಪೆ ಹಾಕಿಕೊಂಡು ಕಾದರು. ಕಾಯಲು ಒಂದು ನೆಪ ಸಿಕ್ಕಿದ್ದಕ್ಕೆ ವಿಶ್ವನಾಥನಿಗೆ ಸಮಾಧಾನವೇ ಆಯಿತು. ಮೂರು ಗಂಟೆಯೊಳಗೆ ಹೇಳುತ್ತೇನೆ ಎಂದು ಮನಸ್ಸಿನಲ್ಲೇ ಗಡುವು ಹಾಕಿಕೊಂಡ.

ಊಟಕ್ಕೆ ಕೂತಾಗ ಎಲ್ಲರಿಗೂ ಮುದ್ದೆ, ನಾಟಿ ಕೋಳಿ ಸಾರು ಬಂತು. ವಿಶ್ವನಾಥನ, ಶರಣುವಿನ ತಟ್ಟೆಗೆ ಮಾತ್ರ ಬೇರೆ ಪಾತ್ರೆಯಿಂದ ಹುರುಳಿಕಾಳಿನ ಸಾರು. "ಲಿಂಗಾಯ್ತರು ಬತ್ತವ್ರೆ, ಬೇರೆ ಒಲೆ ಮೇಲೆ ಬೇರೆ ಪಾತ್ರೇಲಿ ಮಾಡು ಅಂತ ಫೋನಲ್ಲೇ ಏಳಿದ್ದ. ಸೌಟೂ ಬೇರೇನೆ ಕಣಪ್ಪ, ಎದರ್ಕೋಬೇಡ" ಎಂದಳು ಚಿಕ್ಕಮುನಿಯಮ್ಮ. ಲೋಕೇಶ ಫೋನು ಮಾಡಿದ್ದು ಯಾವಾಗ? ಇವನು ಬೈಕಿನಲ್ಲಿ ಮಗನನ್ನು ಕರೆತರಲು ಹೋದಾಗಲೇ ಇರಬೇಕು. ಅಷ್ಟು ಅವಸರದಲ್ಲೂ ಸೌಟಿನವರೆಗೆ ಯೋಚಿಸಿದ್ದ. ಎದುರಿಗೆ ಲೋಕೇಶ ತಟ್ಟೆಯನ್ನು ಎಡಗೈಯ ಹೆಬ್ಬೆರಳು ಮತ್ತು ಕಿರುಬೆರಳ ನಡುವೆ ಒತ್ತಿ ಹಿಡಿದು ನೆಮ್ಮದಿಯಾಗಿ ಉಣ್ಣುತ್ತಿದ್ದ. ಇನ್ನೊಂದು ಸ್ವಲ್ಪ ಸಾರು ಹಾಕಿಸಿಕೊಳ್ಳಿ ಎಂದು ರಾಣಿ ಹೇಳಿದಾಗ, ವಿಶ್ವನಾಥ ತಟ್ಟೆ ಮುಂದಿಟ್ಟ.

ಊಟವಾದ ಮೇಲೆ ರಾಣಿ, ಅಂಬರೀಶ ಎಲ್ಲ ಅಲ್ಲಲ್ಲೇ ಅಡ್ಡಾದರು. ಲೋಕೇಶ ಒಂದು ಮಾವಿನಕಾಯಿ ಕಿತ್ತು ತಂದು ಹೋಳು ಮಾಡಲು ಕೂತ. ಕಾಯನ್ನು ಹಿಡಿಯಲು ಅವನಿಗೆ ಆಗುವುದಿಲ್ಲ, ಜಾರುತ್ತದೆ. "ವೇಣಿ, ಹಿಡ್ಕೋ ಬಾರಮ್ಮ" ಎಂದ. ವೇಣಿ ಬಂದು ಹಿಡಿದಳು, ಆದರೆ ಮುಖ ಆ ಕಡೆ ತಿರುಗಿಸಿ. ಉಪ್ಪು ಖಾರ ಹಚ್ಚಿ ಹಂಚಿ, ಮಕ್ಕಳು ಆಚೆ ಓಡಿದ ಮೇಲೆ ಲೋಕೇಶ ತಾನಾಗಿಯೇ ಹೇಳಿದ: "ಸ್ಕೂಲ್ ಡೇಗೆ ಬರ್ಬೇಡ ಅಂದ್ಬಿಟ್ಲು ಈ ಸಲ. ಅಮ್ಮ ಒಬ್ಳೇ ಬರ್ಲಿ ಅಂತೆ. ಮಕ್ಳೆಲ್ಲ ಕೇಳ್ತಾವಂತೆ, ನಿಮ್ಮಪ್ಪ ಯಾಕೆ ಹಂಗೆ ಅಂತ." ದೂರು ಹೇಳುವ ದನಿಯಿರಲಿಲ್ಲ. "ಸರಿ ಬಿಡಿ, ಅವಳ್ದೇನ್ ತಪ್ಪು? ನಾನ್ ಮಾಡ್ಕೊಂಡಿದ್ದು." ಇದೇ ಸಮಯ ಎಂದುಕೊಂಡ ವಿಶ್ವನಾಥ. "ಲೋಕೇಶ" ಎಂದ. "ಹೇಳಿ ವಿಶ್ವಣ್ಣ" ಎಂದು ಲೋಕೇಶ ಹೋಳು ಬಾಯಿಗಿಡುತ್ತಿದ್ದವನು ನಿಲ್ಲಿಸಿದ. ಪೂರ್ತಿ ತಿರುಗಿ ಕೂತ. ಅಷ್ಟು ಗಮನಕೊಟ್ಟು ಕಾಯುವ ಮುಖದ ಎದುರು ವಿಶ್ವನಾಥ ಕೈಯಲ್ಲಿದ್ದ ಹೋಳನ್ನು ತೋರಿಸಿದ. "ಉಪ್ಪು ಜಾಸ್ತಿ ಆಯ್ತು" ಎಂದ. ಲೋಕೇಶ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದು, ಆಮೇಲೆ ಎದ್ದು ಹೋಗಿ ಇವನ ಹೋಳನ್ನು ತೊಳೆದು ತಂದುಕೊಟ್ಟ.

ಹೇಡಿ, ಶುದ್ಧ ಹೇಡಿ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಳ್ಳುವುದರಲ್ಲಿ ಅವನು ಪಳಗಿದ್ದ, ಮೂರು ವರ್ಷದ ಅಭ್ಯಾಸ. ಬೈದುಕೊಂಡರೆ ಏನೋ ಕಳೆದಂತಾಗಿ ರಾತ್ರಿ ನಿದ್ದೆ ಬರುತ್ತದೆ. ಅವತ್ತು ಮ್ಯಾನೇಜರು ಬಂದು ಟೇಪು ಸುತ್ತಿದ ಬಟನ್ ನೋಡಿ, "ಯಾರ್ರೀ ಇದನ್ನ ಹಾಕಿದ್ದು?" ಎಂದು ಕೇಳಿದ್ದರು. ವಿಶ್ವನಾಥನ ಅಂಗಿಯ ಮೇಲೆಲ್ಲ ಲೋಕೇಶನ ರಕ್ತ. ಆಟೊದಲ್ಲಿ ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿ ಆಗಷ್ಟೇ ವಾಪಸು ಬಂದಿದ್ದ. "ಅವನೇ ಇರ್ಬೇಕು ಸಾರ್" ಎಂದ. ಹಾಕಿದ್ದಾನೆ ಅನ್ನಲಿಲ್ಲ, ಇರಬೇಕು ಎಂದ. ಆ ಒಂದು ಪದದ ಮೇಲೆ ಎಷ್ಟು ದಿನ ಬದುಕಿದ! ಪೂರ್ತಿ ಸುಳ್ಳು ಹೇಳಿಲ್ಲವಲ್ಲ ಎಂದು ಎಷ್ಟು ಸಲ ಸಮಾಧಾನ ಮಾಡಿಕೊಂಡ! ರಿಪೋರ್ಟಿನಲ್ಲಿ ಮಾತ್ರ ಇರಬೇಕು ಎಂದು ಬರೆಯಲು ಆಗುವುದಿಲ್ಲ. ಅಲ್ಲಿ 'ಕೆಲಸಗಾರನ ಅಜಾಗರೂಕತೆ' ಎಂದು ಬರೆದು, ಕೆಳಗೆ ಸೂಪರ್‌ವೈಸರ್ ಜಾಗದಲ್ಲಿ ಸಹಿ ಹಾಕಿದ. ನಾಲ್ಕನೇ ದಿನ ಆಸ್ಪತ್ರೆಯಲ್ಲಿ ಲೋಕೇಶ ಬ್ಯಾಂಡೇಜಿನ ಕೈ ಎದೆಯ ಮೇಲಿಟ್ಟುಕೊಂಡು ಕೇಳಿದ್ದ: "ರಟ್ಟು ಸಿಗ್ಸಿತ್ತಂತಲ್ಲ, ನಾನೇ ಸಿಗ್ಸಿದ್ನಾ ವಿಶ್ವಣ್ಣ? ಏನೂ ಗ್ಯಾಪ್ನ ಬರ್ತಿಲ್ಲ." ಆಗ ಇವನು ಅವನ ಬಲಗೈ ಹಿಡಿದುಕೊಂಡು ಸುಮ್ಮನೆ ಕೂತಿದ್ದ. ಪಕ್ಕದಲ್ಲಿ ನಿಂತಿದ್ದ ರಾಣಿ ಅದನ್ನು ಗೆಳೆತನವೆಂದುಕೊಂಡು ಕಣ್ಣೀರು ಹಾಕಿದ್ದಳು.

ಮೂರಾಯಿತು, ಮೂರೂಕಾಲಾಯಿತು. ಮಕ್ಕಳಿಬ್ಬರೂ ಮೋಟರು ಮನೆಯ ಹತ್ತಿರ ಹೋಗಿ ಇಣುಕುತ್ತಿದ್ದರು. ಮನೆಯೆಂದರೆ ನಾಲ್ಕು ಗೋಡೆಯ ಗೂಡು, ಅದರೊಳಗೆ ಗೋಡೆಗೆ ಹೊಡೆದ ಸ್ಟಾರ್ಟರ್ ಡಬ್ಬ. "ಏಯ್, ಮುಟ್ಬೇಡ್ರೋ!" ಎಂದು ಲೋಕೇಶ ಓಡಿದ. ವಿಶ್ವನಾಥನೂ ಹಿಂದೆಯೇ ಹೋದ. ಸ್ಟಾರ್ಟರಿನ ಹಸಿರು ಬಟನ್ನಿಗೆ ಒಂದು ಕಡ್ಡಿ ಅಡ್ಡ ಸಿಗಿಸಿ ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿದ್ದರು. ಕರೆಂಟು ಬಂದ ಕೂಡಲೇ ಮೋಟರು ತಾನೇ ಓಡಲಿ, ಅಷ್ಟು ದೂರದಿಂದ ಯಾರು ಎದ್ದು ಬರುತ್ತಾರೆ ಎಂದು ಈ ಕಡೆ ಎಲ್ಲರೂ ಕಟ್ಟುತ್ತಾರೆ. ಲೋಕೇಶ ಅದನ್ನು ಕಂಡು ನಿಂತುಬಿಟ್ಟ. ಅವನ ನಗು ಹೋಯಿತು. ಬಲಗೈಯಲ್ಲಿ ರಬ್ಬರು ಎಳೆದು ಕಡ್ಡಿಯನ್ನು ಕಿತ್ತು ಹೊರಗೆಸೆದ. "ಚಿಕ್ಕಮ್ಮ, ಮಕ್ಳು ಬರ್ತಾವೆ ಅಂತ ಗೊತ್ತಿದ್ದೂ ಇದನ್ನ ಕಟ್ಟಿದ್ಯಲ್ಲ!" ಎಂದು ಕೂಗಿದ. "ಓಗ್ಲಿ ಬುಡೋ, ಎಲ್ರೂ ಕಟ್ತಾರೆ" ಎಂದಿತು ಹೆಂಚಿನ ಮನೆಯೊಳಗಿನಿಂದ ಅವಳ ದನಿ. ಲೋಕೇಶ ಮಗಳ ಕಡೆ ತಿರುಗಿ ಮೊಣಕಾಲೂರಿ ಕೂತ. ಆ ಗೂಡಿನೊಳಗೆ ನಾಲ್ಕು ಜನ, ಉಸಿರಾಡಲು ಜಾಗವಿರಲಿಲ್ಲ.

"ನೋಡು ವೇಣಿ" ಎಂದ ಲೋಕೇಶ, ಎಡಗೈಯನ್ನು ಅವಳ ಮುಂದೆ ಹಿಡಿದು. "ಇಲಿ ಗಿಲಿ ಏನಿಲ್ಲ. ಇಂಥದ್ದೇ ಒಂದ್ ಚೂರು ಸಿಗ್ಸಿದ್ದೆ ನಾನು. ಅದಕ್ಕೇ ಹಿಂಗಾಯ್ತು. ಯಾರೂ ನಂಗೆ ಮಾಡಿದ್ದಲ್ಲ." ವೇಣಿ ಆ ಕೈಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಅಪ್ಪನನ್ನು ಬಿಟ್ಟು ವಿಶ್ವನಾಥನ ಕಡೆ ಕತ್ತೆತ್ತಿದಳು. "ಅಂಕಲ್, ನೀವು ಅವತ್ತು ಅಲ್ಲೇ ಇದ್ರಂತಲ್ಲ. ನಮ್ಮಪ್ಪಂದೇ ತಪ್ಪಾ?" ಆ ಹುಡುಗಿಯ ಪ್ರಶ್ನೆಯಲ್ಲಿ ಆಸೆಯಿತ್ತು. ಅಲ್ಲ ಎಂದು ದೊಡ್ಡವರೊಬ್ಬರು ಹೇಳಿದರೆ ಸಾಕು, ಅವಳು ಸ್ಕೂಲು ತೆರೆದ ದಿನವೇ ಅಪ್ಪನ ಕೈ ಹಿಡಿದು ಸ್ಕೂಲಿನ ಗೇಟಿನವರೆಗೆ ಹೋಗುತ್ತಾಳೆ. ವಿಶ್ವನಾಥನಿಗೆ ಅದು ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಲೋಕೇಶನೂ ತಲೆಯೆತ್ತಿ ನೋಡುತ್ತಿದ್ದ. ಅಲ್ಲಮ್ಮ ಎಂಬ ಮಾತು ಬಾಯಿಗೆ ಬಂದಿತ್ತು, ನಿಜವಾಗಿಯೂ ಬಂದಿತ್ತು. ಅಷ್ಟರಲ್ಲಿ ಅವನ ಬೆರಳನ್ನು ಒಂದು ಸಣ್ಣ ಬಿಸಿ ಕೈ ಹಿಡಿದುಕೊಂಡಿತು. ಶರಣು. ಏನು ಹೇಳುತ್ತಾನೋ ಎಂದು ಅವನೂ ಅಪ್ಪನ ಮುಖವನ್ನೇ ನೋಡುತ್ತಿದ್ದ.

"ಹೂಂ ಪುಟ್ಟಾ" ಎಂದ ವಿಶ್ವನಾಥ. "ಏನೋ ಅವಸರದಲ್ಲಿ ಮಾಡ್ಬಿಟ್ಟ. ಎಲ್ರ ಕೈಲೂ ಆಗುತ್ತೆ."

ಈ ಸಲ 'ಇರಬೇಕು' ಎಂಬುದೂ ಇರಲಿಲ್ಲ. ವೇಣಿ ತಲೆ ತಗ್ಗಿಸಿ ಬಾಗಿಲ ಕಡೆ ನಡೆದಳು. "ನಮ್ಮಪ್ಪ ಸೂಪರ್‌ವೈಸರ್, ಅವರ್ಗೆ ಎಲ್ಲಾ ಗೊತ್ತು" ಎಂದು ಶರಣು ಅವಳ ಬೆನ್ನಿಗೆ ಹೇಳುತ್ತ ಓಡಿದ. ಆ ಕೈಯೊಂದು ಬಂದು ಹಿಡಿಯದಿದ್ದರೆ ಹೇಳಿಬಿಡುತ್ತಿದ್ದೆ ಎಂದು ಆಗಲೇ ವಿಶ್ವನಾಥನ ಮನಸ್ಸು ಲೆಕ್ಕ ಹಾಕತೊಡಗಿತ್ತು. ಏಳು ವರ್ಷದ ಮಗನ ಮೇಲೆ ಹೊರೆ ಹೊರಿಸಲೂ ತಾನು ಹೇಸುವವನಲ್ಲ ಎಂದು ತಿಳಿದು ಅವನಿಗೆ ತನ್ನ ಮೇಲೆ ಅಸಹ್ಯವೂ ಹುಟ್ಟಲಿಲ್ಲ, ಬರೀ ಆಯಾಸವಾಯಿತು. ಇನ್ನು ಹೇಳಲು ಸಾಧ್ಯವಿಲ್ಲ. ನಿನ್ನೆಯವರೆಗೆ ಹೇಳಬೇಕಾದದ್ದು ಒಂದು ಮರೆವನ್ನು. ಇನ್ನು ಮೇಲೆ ಹೇಳಬೇಕಾದರೆ ಈ ಹುಡುಗಿಯ ಮುಖ ನೋಡಿಕೊಂಡು ಹೇಳಿದ್ದನ್ನೂ ಹೇಳಬೇಕು.

ಮೂರೂವರೆಗೆ ತ್ರೀ ಫೇಸು ಬಂತು. ಲೋಕೇಶನೇ ಬಟನ್ ಒತ್ತಿದ. ಕೊಳವೆ ಮೊದಲು ಕೆಮ್ಮಿ, ಕೆಂಪು ನೀರು ಉಗುಳಿ, ಆಮೇಲೆ ತೊಡೆ ಗಾತ್ರದ ನೀರನ್ನು ತೊಟ್ಟಿಗೆ ಸುರಿಯಿತು. ಮೊಣಕಾಲುದ್ದ ನೀರಾಗುತ್ತಲೇ ಅಂಬರೀಶ ಬನಿಯನ್ನಿನಲ್ಲೇ ಧುಮುಕಿದ. ಶರಣು ಕಿರುಚಿದ. ರಾಣಿ ಕಟ್ಟೆಯ ಮೇಲೆ ಕೂತು ಕಾಲು ಇಳಿಬಿಟ್ಟು ನಗುತ್ತಿದ್ದಳು. ಬಿಸಿಲು, ನೀರು, ಮಕ್ಕಳು, ಯಾರಾದರೂ ಫೋಟೊ ತೆಗೆದರೆ ಎಷ್ಟು ಚೆನ್ನಾಗಿ ಬರುತ್ತಿತ್ತು. ವೇಣಿಯನ್ನು ಕರೆದುಕೊಳ್ಳಲು ಲೋಕೇಶ ತೊಟ್ಟಿಯೊಳಗಿನಿಂದ ಎರಡೂ ಕೈ ಚಾಚಿದ. ಅವಳು ಬಲಗೈ ಮಾತ್ರ ಹಿಡಿದುಕೊಂಡು ಇಳಿದಳು, ಇಳಿದ ಕೂಡಲೇ ಬಿಟ್ಟು ಅಮ್ಮನ ಕಾಲಿನ ಹತ್ತಿರ ಹೋದಳು. ಚಾಚಿದ ಎಡಗೈಯನ್ನು ಲೋಕೇಶ ಒಂದು ಗಳಿಗೆ ಹಾಗೇ ಇಟ್ಟುಕೊಂಡಿದ್ದು, ಮುಖ ತೊಳೆಯುವ ನೆವದಲ್ಲಿ ನೀರಿಗೆ ಅದ್ದಿದ. ವಿಶ್ವನಾಥನಿಗೆ ಅಳು ಬಂತು. ಅಳಲು ತನಗೇನು ಹಕ್ಕು ಎನಿಸಿ ಎದ್ದು ಮರಗಳ ಕಡೆ ನಡೆದ.

ಲೋಕೇಶ ಒದ್ದೆ ಬಟ್ಟೆಯಲ್ಲೇ ಹಿಂದೆ ಬಂದ. ಇಬ್ಬರೂ ಒಂದು ಮರದ ಕೆಳಗೆ ನಿಂತರು. ಬೆಳಿಗ್ಗೆ ಅಂದುಕೊಂಡಿದ್ದ ಹಾಗೆಯೇ, ಬಯಲು, ಮರ, ಇಬ್ಬರೇ. ಲೋಕೇಶ ಟವೆಲಿನಿಂದ ತಲೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ವಿಶ್ವಣ್ಣ, ಒಂದ್ ಮಾತು. ಬೇಜಾರ್ ಮಾಡ್ಕೋಬಾರ್ದು."

"ಹೇಳು."

"ಇವತ್ತು ನಿಮ್ಮನ್ನ ಕರೆದಿದ್ದೇ ಅದಕ್ಕೆ. ಕೇಳ್ಬೇಕು ಅಂತಿದ್ದೆ, ಬಾಯಿ ಬರ್ಲಿಲ್ಲ. ಆ ರಟ್ಟು ನಾನು ಸಿಗ್ಸಿದ್ದು ಎಷ್ಟ್ ಯೋಚನೆ ಮಾಡಿದ್ರೂ ಗ್ಯಾಪ್ನಕ್ಕೇ ಬರ್ತಿರ್ಲಿಲ್ಲ. ಟೀಗೆ ಹೋಗೋ ಮುಂಚೆ ಬಟನ್ನು ಖಾಲಿ ಇದ್ದಂಗೇ ಕಣ್ಣಿಗೆ ಕಟ್ಟಿತ್ತು. ಆವಾಗ ನನ್ ತಲೆಗೆ..." ಅವನು ದನಿ ತಗ್ಗಿಸಿದ. "ನೀವೇ ಏನಾದ್ರೂ ಸಿಗ್ಸಿದ್ರೇನೋ ಅಂತ ಬಂದ್ಬಿಡ್ತು. ಒಂದ್ ವರ್ಷದಿಂದ ನಿಮ್ ಮೇಲೆ ಅನುಮಾನ ಇಟ್ಕೊಂಡು ಗೇಟಲ್ಲಿ ಸಲಾಮು ಹೊಡೀತಿದ್ದೆ. ರಾಣಿಗೂ ಹೇಳಿಲ್ಲ. ಇವತ್ತು ಮಗು ಕೇಳ್ದಾಗ ನಿಮ್ಮ ಮುಖಾನೇ ನೋಡ್ತಿದ್ದೆ. ಸುಳ್ಳು ಹೇಳೋರಾಗಿದ್ರೆ ಮಗು ಮುಂದೆ ಬಾಯಿ ಬರ್ತಿರ್ಲಿಲ್ಲ."

ತೊಟ್ಟಿಯ ಕಡೆಯಿಂದ ಮಕ್ಕಳ ಕೇಕೆ ಕೇಳಿಸುತ್ತಿತ್ತು. ಲೋಕೇಶನ ಕಣ್ಣು ತುಂಬಿತ್ತು. ಅವನು ಬಗ್ಗಿ, ವಿಶ್ವನಾಥ ಹಿಂದೆ ಸರಿಯುವುದರೊಳಗೆ, ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. ತಣ್ಣಗೆ ಒದ್ದೆಯಾದ ಏಳು ಬೆರಳು.

"ದೇವ್ರಂಥವ್ರನ್ನ ಅನುಮಾನ ಪಟ್ಬಿಟ್ಟೆ. ತಪ್ಪಾಯ್ತು ವಿಶ್ವಣ್ಣ, ಕ್ಷಮಿಸ್ಬಿಡಿ."

ಲೋಕೇಶ ಕೈ ಬಿಡದೆ ಕಾಯುತ್ತಿದ್ದ.

"ಪರವಾಗಿಲ್ಲ ಬಿಡು" ಎಂದು ವಿಶ್ವನಾಥ ಅವನನ್ನು ಕ್ಷಮಿಸಿದ.